ಪದದ ಅಗಲ ಅಳೆಯುವ ಮ್ಯಾಕ್ರೊ: ಪ್ರತಿ ಸಲವೂ 6.66 ಪಾಯಿಂಟ್ ಹೆಚ್ಚು ಬರುತ್ತಿದೆ, ಎಲ್ಲಿಂದ?

ಪದಗಂಟು
ಎಲ್ಲರಿಗೂ ನಮಸ್ಕಾರ. ಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದ ಮೇಲೆ ಕಟ್ಟಿದ ಲೇಟೆಕ್‌ನಲ್ಲಿ ಒಂದು ಪದಕೋಶ ಜೋಡಿಸುತ್ತಿದ್ದೇನೆ. ಎಡಕ್ಕೆ ಮುಖ್ಯಪದ, ಬಲಕ್ಕೆ ಅರ್ಥ. ಎಡ ಅಂಕಣದ ಅಗಲವನ್ನು ನಾನು ಅಂದಾಜಿಗೆ ಕೊಡುವುದು ಬೇಡ, ಪದಗಳೇ ನಿರ್ಧರಿಸಲಿ ಎಂದುಕೊಂಡು ಒಂದು ಮ್ಯಾಕ್ರೊ (ಹಲವು ಆಜ್ಞೆಗಳಿಗೆ ಒಂದೇ ಹೆಸರು) ಬರೆದೆ. ಅದು ಪ್ರತಿ ಪದವನ್ನೂ ‘ಸೆಟ್‌ಟುವಿಡ್ತ್’ ಆಜ್ಞೆಯಿಂದ ಅಳೆದು, ಎಲ್ಲಕ್ಕಿಂತ ಹೆಚ್ಚಿನ ಅಗಲವನ್ನು ನೆನಪಿಟ್ಟುಕೊಳ್ಳುತ್ತದೆ. ಪದದ ಹಿಂದೆ ತಿಳಿಬಣ್ಣದ ಪಟ್ಟಿಯೊಂದನ್ನು ‘ರೂಲ್’ ಆಜ್ಞೆಯಿಂದ ಎಳೆಯುತ್ತೇನೆ. ಅದರ ಅಗಲ, ಎತ್ತರವೂ ಇದೇ ಅಳತೆಯಿಂದ ಬರುತ್ತದೆ.

ಮೂರು ತೊಂದರೆಗಳು ಎದುರಾಗಿವೆ. ಮೊದಲನೆಯದು, ಎಲ್ಲ ಪದಗಳೂ ಇರುವುದಕ್ಕಿಂತ ಅಗಲವಾಗಿ ಬರುತ್ತಿವೆ. ಪರೀಕ್ಷೆಗೆಂದು 10 ಪಾಯಿಂಟ್ ಕಂಪ್ಯೂಟರ್ ಮಾಡರ್ನ್ ಫಾಂಟ್‌ನ ರೋಮನ್ ದೊಡ್ಡಕ್ಷರ ‘ಎಂ’ ಒಂದನ್ನೇ ಕೊಟ್ಟು ನೋಡಿದೆ. ನೇರವಾಗಿ ಅಳೆದರೆ 9.16669 ಪಾಯಿಂಟ್, ನನ್ನ ಮ್ಯಾಕ್ರೊ ಮೂಲಕ ಅಳೆದರೆ 15.83 ಚಿಲ್ಲರೆ. ಎರಡನೆಯದು, ಒತ್ತಕ್ಷರಗಳು ಬಣ್ಣದ ಪಟ್ಟಿಯಿಂದ ಕೆಳಗೆ ಇಳಿಬೀಳುತ್ತಿವೆ. ಮೂರನೆಯದು, ಪದಗಳ ಕ್ರಮಸಂಖ್ಯೆ 2, 4, 6 ಎಂದು ಜಿಗಿಯುತ್ತಿದೆ. ಎರಡು ರಾತ್ರಿ ಇದರ ಹಿಂದೆ ಬಿದ್ದಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಸಾಲುಕೊನೆ
ಮೊದಲನೆಯದಕ್ಕೆ ಉತ್ತರ ನಿಮ್ಮ ಅಂಕಿಯಲ್ಲೇ ಇದೆ. ಹೆಚ್ಚು ಬಂದ 6.66ನ್ನು ಎರಡರಿಂದ ಭಾಗಿಸಿ: 3.33. ಆ ಫಾಂಟ್‌ನಲ್ಲಿ ಎರಡು ಪದಗಳ ನಡುವಿನ ಖಾಲಿ ಜಾಗ 3.33333 ಪಾಯಿಂಟ್. ಅಂದರೆ ನಿಮ್ಮ ಅಕ್ಷರದ ಹಿಂದೊಂದು ಮುಂದೊಂದು ಖಾಲಿ ಜಾಗ ಕುಳಿತಿದೆ. ಮ್ಯಾಕ್ರೊದಲ್ಲಿ ಪುಷ್ಪಾವರಣ { ತೆರೆದ ಕೂಡಲೇ ಸಾಲು ಮುರಿದಿದ್ದೀರಿ, ಮುಚ್ಚುವ ಮೊದಲು ಮತ್ತೊಮ್ಮೆ ಮುರಿದಿದ್ದೀರಿ. ಹೌದೇ?

ಪದಗಂಟು
ಹೌದು! ಓದಲು ಸುಲಭವಾಗಲಿ ಎಂದು ಪದವನ್ನು ಬೇರೆ ಸಾಲಿನಲ್ಲಿ ಇಟ್ಟಿದ್ದೆ. ಆದರೆ ಪ್ಯಾರಾ ಆರಂಭದ ಖಾಲಿ ಜಾಗವನ್ನು ಟೆಕ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಲ್ಲವೇ?

ಸಾಲುಕೊನೆ
ಪ್ಯಾರಾ ಆರಂಭವಾಗುವ ಮೊದಲು ಟೆಕ್ ಲಂಬ ಸ್ಥಿತಿಯಲ್ಲಿ (ಸಾಲುಗಳನ್ನು ಒಂದರ ಕೆಳಗೊಂದು ಪೇರಿಸುವ ಸ್ಥಿತಿ) ಇರುತ್ತದೆ. ಅಲ್ಲಿ ಖಾಲಿ ಜಾಗಕ್ಕೆ ಬೆಲೆ ಇಲ್ಲ. ‘ಸೆಟ್‌ಟುವಿಡ್ತ್’ ಮಾಡುವುದೇ ಬೇರೆ: ನೀವು ಕೊಟ್ಟದ್ದನ್ನು ಒಂದು ‘ಎಚ್‌ಬಾಕ್ಸ್’ (ಒಂದೇ ಸಾಲಿನ ಅಡ್ಡ ಪೆಟ್ಟಿಗೆ) ಒಳಗೆ ತುಂಬಿ, ಆ ಪೆಟ್ಟಿಗೆಯ ಅಗಲವನ್ನು ಓದಿಕೊಂಡು, ಪೆಟ್ಟಿಗೆಯನ್ನು ಖಾಲಿ ಮಾಡಿಬಿಡುತ್ತದೆ. ಎಚ್‌ಬಾಕ್ಸ್ ಒಳಗೆ ಆರಂಭದ ಖಾಲಿ ಜಾಗಕ್ಕೂ ಪೂರ್ತಿ ಅಗಲವಿದೆ. ಮೂಲ ಕಡತದಲ್ಲಿ ಸಾಲು ಮುಗಿದದ್ದೂ ಒಂದು ಖಾಲಿ ಜಾಗವೇ. ಪುಷ್ಪಾವರಣ ತೆರೆದ ತಕ್ಷಣ ಒಂದು % ಹಾಕಿ, ಪದದ ನಂತರ ಇನ್ನೊಂದು % ಹಾಕಿ. % ಬಂದಲ್ಲಿಂದ ಸಾಲಿನ ಕೊನೆಯವರೆಗೆ ಏನನ್ನೂ, ಸಾಲು ಮುಗಿದದ್ದನ್ನೂ, ಟೆಕ್ ಲೆಕ್ಕಿಸುವುದಿಲ್ಲ. ಹಾಗಾಗಿ ಎರಡೂ ಖಾಲಿ ಜಾಗ ಮಾಯವಾಗುತ್ತವೆ.

ಕಿರುಗೆರೆ
ನನಗೂ ಇದೇ ಆಗಿತ್ತು. ಕಾರಣ ಗೊತ್ತಾಗದೆ ಉತ್ತರದಿಂದ 6.66 ಕಳೆದು ಮುಂದೆ ಹೋಗಿದ್ದೆ. ಫಾಂಟ್ ಬದಲಿಸಿದ ದಿನ ಎಲ್ಲವೂ ಕೆಟ್ಟಿತು.

ಅಂಚುಗೆರೆ
ಇಷ್ಟೆಲ್ಲ ಏಕೆ? ಅಳತೆಗಳ ಲೆಕ್ಕಕ್ಕಿರುವ ‘ಕ್ಯಾಲ್ಕ್’ ಪ್ಯಾಕೇಜ್ (ಹೆಚ್ಚುವರಿ ಆಜ್ಞೆಗಳ ಕಟ್ಟು) ಹಾಕಿಕೊಳ್ಳಿ. ‘ವಿಡ್ತ್‌ಆಫ್’, ‘ಹೈಟ್‌ಆಫ್’, ‘ಡೆಪ್ತ್‌ಆಫ್’, ‘ಟೋಟಲ್‌ಹೈಟ್‌ಆಫ್’ ಎಂದು ಅಗಲ, ಎತ್ತರ, ಆಳ, ಒಟ್ಟು ಎತ್ತರ ನಾಲ್ಕೂ ಸಿಗುತ್ತವೆ. ಅಳತೆಗೆ ಬೆಲೆ ಕೊಡುವ ‘ಸೆಟ್‌ಲೆಂಗ್ತ್’ ಒಳಗೇ ಕೂಡಿಸಬಹುದು, ಕಳೆಯಬಹುದು. ಎರಡನೆಯ ತೊಂದರೆಯೂ ಅಲ್ಲಿಗೇ ಮುಗಿಯುತ್ತದೆ: ಪಟ್ಟಿಯ ಎತ್ತರಕ್ಕೆ ‘ಹೈಟ್‌ಆಫ್’ ಬದಲು ‘ಟೋಟಲ್‌ಹೈಟ್‌ಆಫ್’ ಕೊಡಿ.

ತಲೆಕಟ್ಟು
ಅಂಚುಗೆರೆಯವರೇ, ಅರ್ಧ ಸರಿ. ಒಟ್ಟು ಎತ್ತರ ಕೊಟ್ಟರೆ ಪಟ್ಟಿ ದೊಡ್ಡದಾಗುತ್ತದೆ, ಆದರೆ ಆಧಾರರೇಖೆಯ (ಅಕ್ಷರಗಳು ಕೂರುವ ಕಾಣದ ಗೆರೆ) ಮೇಲೆಯೇ ನಿಲ್ಲುತ್ತದೆ. ಒತ್ತಕ್ಷರ ಆಗಲೂ ಹೊರಗೇ ಉಳಿಯುತ್ತದೆ, ಮೇಲ್ಗಡೆ ಮಾತ್ರ ಬಣ್ಣ ಹೆಚ್ಚು ಏರುತ್ತದೆ.

ಟೆಕ್‌ನ ಪ್ರತಿ ಪೆಟ್ಟಿಗೆಗೂ ಮೂರು ಅಳತೆಗಳಿವೆ: ಅಗಲ, ಎತ್ತರ, ಆಳ. ಎತ್ತರವೆಂದರೆ ಆಧಾರರೇಖೆಯಿಂದ ಮೇಲಕ್ಕೆ, ಆಳವೆಂದರೆ ಅದೇ ರೇಖೆಯಿಂದ ಕೆಳಕ್ಕೆ. ಕನ್ನಡದಲ್ಲಿ ಕೆಲಸದ ಅರ್ಧ ಭಾರ ಈ ಆಳದ ಮೇಲೆ ಬೀಳುತ್ತದೆ. ‘ಕರ್ಮ’ ಮತ್ತು ‘ಕ್ರಮ’ ಎರಡನ್ನೂ ಅಳೆದು ನೋಡಿ. ಎರಡರಲ್ಲೂ ಇರುವ ವ್ಯಂಜನಗಳು ಅವೇ ಮೂರು. ಮೊದಲನೆಯದರಲ್ಲಿ ರಕಾರ ಅರ್ಕಾವತ್ತಾಗಿ ಪಕ್ಕಕ್ಕೆ ಬಂದು ಅಗಲವನ್ನು ಹೆಚ್ಚಿಸುತ್ತದೆ, ಆಳಕ್ಕೆ ಅದರಿಂದ ಏನೂ ಸೇರುವುದಿಲ್ಲ. ಎರಡನೆಯದರಲ್ಲಿ ಅದೇ ರಕಾರ ಒತ್ತಾಗಿ ಕೆಳಗಿಳಿದು ಆಳವನ್ನು ಹೆಚ್ಚಿಸುತ್ತದೆ. ಎತ್ತರವನ್ನಷ್ಟೇ ಅಳೆದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಪದಗಂಟು ಅವರೇ, ‘ರೂಲ್’ ಆಜ್ಞೆಗೆ ಚೌಕ ಆವರಣದಲ್ಲಿ ಒಂದು ಐಚ್ಛಿಕ ಬೆಲೆ ಕೊಡಬಹುದು. ಪಟ್ಟಿಯನ್ನು ಎಷ್ಟು ಎತ್ತಬೇಕು ಎಂಬುದು ಅದು. ಅಲ್ಲಿ ಆಳವನ್ನು ಋಣ ಚಿಹ್ನೆಯೊಂದಿಗೆ ಕೊಡಿ. ಪಟ್ಟಿಯ ಎತ್ತರಕ್ಕೆ ಎತ್ತರ ಮತ್ತು ಆಳದ ಮೊತ್ತ ಕೊಡಿ. ಆಗ ಅದು ಒತ್ತಕ್ಷರದ ಬುಡದಿಂದ ತಲೆಕಟ್ಟಿನವರೆಗೆ ಸರಿಯಾಗಿ ಕೂರುತ್ತದೆ.

ಅಂಚುಗೆರೆ
ಒಪ್ಪಿದೆ. ನಾನು ಬಳಸುವುದು ಸುತ್ತ ಚೌಕಟ್ಟು ಹಾಕುವ ‘ಎಫ್‌ಬಾಕ್ಸ್’. ಅದು ಆಳವನ್ನು ತಾನೇ ನೋಡಿಕೊಳ್ಳುತ್ತದೆ, ಹಾಗಾಗಿ ಇದು ನನ್ನ ಗಮನಕ್ಕೆ ಬಂದಿರಲಿಲ್ಲ.

ಅಚ್ಚುಮೊಳೆ
ಮೂರನೆಯ ತೊಂದರೆಯನ್ನು ಯಾರೂ ಮುಟ್ಟಿಲ್ಲ, ನನ್ನ ಪ್ರಕಾರ ಮೂರರಲ್ಲಿ ದೊಡ್ಡದು ಅದೇ. ಪದಗಂಟು ಅವರೇ, ನೀವು ಅಳೆಯಲು ಕೊಡುವ ಪಠ್ಯದೊಳಗೇ ಕ್ರಮಸಂಖ್ಯೆ ಏರಿಸುವ ‘ಸ್ಟೆಪ್‌ಕೌಂಟರ್’ ಇದೆ ಎಂದು ಅನುಮಾನ.

ಪದಗಂಟು
ಇದೆ. ಸಂಖ್ಯೆ, ಪದ ಎರಡೂ ಸೇರಿ ಒಂದೇ ಮ್ಯಾಕ್ರೊ. ಅದನ್ನೇ ಅಳೆದು, ಅದನ್ನೇ ಮುದ್ರಿಸುತ್ತೇನೆ.

ಅಚ್ಚುಮೊಳೆ
ಅಲ್ಲೇ ಇದೆ. ಅಳೆಯುವುದೆಂದರೆ ಟೆಕ್‌ಗೆ ಅಡಿಕೋಲು ಇಟ್ಟು ನೋಡುವುದಲ್ಲ, ನಿಜವಾಗಿಯೂ ಜೋಡಿಸಿಬಿಡುವುದು. ನಿಮ್ಮ ಪದ ಒಮ್ಮೆ ಅಳತೆಗಾಗಿ ಜೋಡಣೆಯಾಯಿತು, ಇನ್ನೊಮ್ಮೆ ಪುಟಕ್ಕಾಗಿ. ಲೇಟೆಕ್‌ನ ಕೌಂಟರ್‌ಗಳಿಗೆ (ಎಣಿಕೆ ಇಡುವ ಹೆಸರುಗಳು) ಗುಂಪಿನ, ಅಂದರೆ ಪುಷ್ಪಾವರಣದಂಥ ಎಲ್ಲೆಯ, ಗಡಿ ಅನ್ವಯಿಸುವುದಿಲ್ಲ, ಎಲ್ಲಿ ಏರಿಸಿದರೂ ಅದು ಇಡೀ ಕಡತಕ್ಕೆ ಏರಿದಂತೆ. ಹಾಗಾಗಿ ಎರಡು ಸಲ ಏರಿತು. ಗಣಿತದ ‘ಆಮ್ಸ್‌ಮ್ಯಾತ್’ ಪ್ಯಾಕೇಜ್ ಕೂಡ ಸಮೀಕರಣಗಳನ್ನು ಮೊದಲು ಅಳೆದು ಆಮೇಲೆ ಜೋಡಿಸುತ್ತದೆ. ಅಳತೆಯ ಸುತ್ತು ನಡೆಯುತ್ತಿದೆ ಎಂದು ಗುರುತಿಟ್ಟುಕೊಳ್ಳಲು ಅದರೊಳಗೆ ಪ್ರತ್ಯೇಕ ವ್ಯವಸ್ಥೆಯೇ ಇದೆ.

ನನ್ನ ಸಲಹೆ ಒಂದೇ. ‘ಸೆಟ್‌ಟುವಿಡ್ತ್’ ಬಿಡಿ. ‘ನ್ಯೂಸೇವ್‌ಬಾಕ್ಸ್’ನಿಂದ ನಿಮ್ಮದೇ ಒಂದು ಪೆಟ್ಟಿಗೆ ಮಾಡಿಕೊಳ್ಳಿ. ‘ಎಸ್‌ಬಾಕ್ಸ್’ನಿಂದ ಪದವನ್ನು ಅದರಲ್ಲಿ ಒಮ್ಮೆ ತುಂಬಿ. ಅಗಲ ಬೇಕೇ, ‘ಡಬ್ಲ್ಯುಡಿ’. ಎತ್ತರಕ್ಕೆ ‘ಎಚ್‌ಟಿ’, ಆಳಕ್ಕೆ ‘ಡಿಪಿ’. ಕೊನೆಗೆ ‘ಯೂಸ್‌ಬಾಕ್ಸ್’ನಿಂದ ಅದೇ ಪೆಟ್ಟಿಗೆಯನ್ನು ಪುಟಕ್ಕಿಳಿಸಿ. ಒಂದೇ ಸಲ ಜೋಡಣೆ, ಒಂದೇ ಸಲ ಸಂಖ್ಯೆ ಏರಿಕೆ. ಅಳೆದದ್ದೂ ಮುದ್ರಿಸಿದ್ದೂ ಒಂದೇ ವಸ್ತು.

ಅಂಚುಗೆರೆ
ಅಚ್ಚುಮೊಳೆಯವರೇ, ಹೊಸಬರನ್ನು ಹೀಗೆ ಮೂಲ ಆಜ್ಞೆಗಳಿಗೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ. ಸಂಖ್ಯೆಯನ್ನು ಅಳತೆಯಿಂದ ಹೊರಗಿಟ್ಟರೆ ‘ವಿಡ್ತ್‌ಆಫ್’ ಸಾಕು. ಓದಿದರೆ ಅರ್ಥವಾಗುವ ಹೆಸರು.

ಅಚ್ಚುಮೊಳೆ
ಹೆಸರು ಚೆನ್ನಾಗಿದೆ, ನಿಜ. ಆದರೆ ‘ವಿಡ್ತ್‌ಆಫ್’ ನಡೆಯುವುದು ಆ ಪ್ಯಾಕೇಜ್ ಬದಲಿಸಿದ ‘ಸೆಟ್‌ಲೆಂಗ್ತ್’ನಂಥ ಆಜ್ಞೆಗಳ ಒಳಗೆ ಮಾತ್ರ. ಅದನ್ನು ‘ಇಫ್‌ಡಿಮ್’ ಹೋಲಿಕೆಗೆ ನೇರವಾಗಿ ಕೊಟ್ಟರೆ ದೋಷ ಬರುತ್ತದೆ. ಇವರಿಗೆ ಬೇಕಿರುವುದೇ ಹೋಲಿಕೆ: ಈ ಪದ ಹಿಂದಿನದಕ್ಕಿಂತ ಅಗಲವೇ? ಪೆಟ್ಟಿಗೆಯ ‘ಡಬ್ಲ್ಯುಡಿ’ಯನ್ನು ಎಲ್ಲಿ ಬೇಕಾದರೂ ಒಂದು ಅಳತೆಯಂತೆಯೇ ಬಳಸಬಹುದು. ಇವತ್ತು ಸಂಖ್ಯೆಯನ್ನು ಹೊರಗಿಡುತ್ತಾರೆ, ನಾಳೆ ಅದೇ ಪದದೊಳಗೆ ಸೂಚಿಗೆ ಹೋಗುವ ಗುರುತು ಬರುತ್ತದೆ. ಆಗ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಕಿರುಗೆರೆ
ನಾನು ‘ಬಾಕ್ಸ್’ ಆಜ್ಞೆಯಿಂದ ಮುದ್ರಿಸಿದ ಮೇಲೆ ಅಗಲ ಕೇಳಿದೆ, 0.0 ಪಾಯಿಂಟ್ ಎಂದಿತು. ಇದು ಏಕೆ?

ಅಚ್ಚುಮೊಳೆ
‘ಬಾಕ್ಸ್’ ಪೆಟ್ಟಿಗೆಯನ್ನು ಇಟ್ಟ ಕೂಡಲೇ ಅದು ಬರಿದಾಗುತ್ತದೆ. ಬರಿದಾದ ಪೆಟ್ಟಿಗೆಯ ಮೂರೂ ಅಳತೆಗಳು ಸೊನ್ನೆ. ‘ಕಾಪಿ’ ಬಳಸಿದರೆ ಪ್ರತಿ ಇಡುತ್ತದೆ, ಮೂಲ ಉಳಿಯುತ್ತದೆ. ಲೇಟೆಕ್‌ನ ‘ಯೂಸ್‌ಬಾಕ್ಸ್’ ಮಾಡುವುದೂ ಇದನ್ನೇ.

ಸಾಲುಕೊನೆ
ಇನ್ನೊಂದು ಸೇರಿಸುತ್ತೇನೆ. ಅಳೆಯುವಾಗ ಇದ್ದ ಫಾಂಟ್ ಮತ್ತು ಮುದ್ರಿಸುವಾಗ ಇರುವ ಫಾಂಟ್ ಒಂದೇ ಆಗಿರಬೇಕು. ಸಾಧಾರಣ ಅಕ್ಷರದಲ್ಲಿ ಅಳೆದು ದಪ್ಪಕ್ಷರದಲ್ಲಿ ಮುದ್ರಿಸಿದರೆ ಅಂಕಣ ಸಾಲುವುದಿಲ್ಲ.

ಕಿರುಗೆರೆ
ಪ್ರತಿ ಅಕ್ಷರವನ್ನೂ ಒಂದು ಸಲ ಅಳೆದು ಕೋಷ್ಟಕ ಮಾಡಿಟ್ಟುಕೊಂಡು, ಪದ ಬಂದಾಗ ಕೂಡಿಸಿದರೆ ಆಗುವುದಿಲ್ಲವೇ? ಟೆಕ್‌ನ ವಿಸ್ತರಣೆಯಾದ ಇ-ಟೆಕ್‌ನಲ್ಲಿ ಒಂದೊಂದೇ ಅಕ್ಷರದ ಅಗಲ ಹೇಳುವ ‘ಫಾಂಟ್‌ಚಾರ್‌ಡಬ್ಲ್ಯುಡಿ’ ಇದೆಯಲ್ಲ. ಪೆಟ್ಟಿಗೆಯ ಗೊಡವೆಯೇ ಬೇಡ.

ತಲೆಕಟ್ಟು
ಆಗುವುದಿಲ್ಲ. ರೋಮನ್ ಅಕ್ಷರಗಳಿಗೇ ಆಗುವುದಿಲ್ಲ. 10 ಪಾಯಿಂಟ್ ಕಂಪ್ಯೂಟರ್ ಮಾಡರ್ನ್‌ನಲ್ಲಿ ದೊಡ್ಡಕ್ಷರ ‘ಎ’ 7.5 ಪಾಯಿಂಟ್, ದೊಡ್ಡಕ್ಷರ ‘ವಿ’ಯೂ 7.5 ಪಾಯಿಂಟ್. ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ: 15 ಬರುವುದಿಲ್ಲ, 13.89ರ ಹತ್ತಿರ ಬರುತ್ತದೆ. ಓರೆ ಗೆರೆಗಳು ಒಂದಕ್ಕೊಂದು ಒತ್ತಾಗಿ ಕೂರಲಿ ಎಂದು ಫಾಂಟ್ ಅವುಗಳ ನಡುವೆ ಸುಮಾರು 1.11 ಪಾಯಿಂಟ್ ಕಳೆಯುತ್ತದೆ.

ಕನ್ನಡದಲ್ಲಂತೂ ಕೇಳುವುದೇ ಬೇಡ. ‘ಸ್ತ್ರೀ’ ಎಂಬುದು ಕಡತದಲ್ಲಿ ಆರು ಸಂಕೇತಗಳು: ಸ, ವಿರಾಮ (ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರ. ಹಾಳೆಯ ಮೇಲೆ ಅದು ಒಂದೇ ಅಕ್ಷರ. ಸಕಾರ ಗುಡಿಸು ಹೊತ್ತು ತಲೆಕಟ್ಟನ್ನು ಕಳಚುತ್ತದೆ, ತಕಾರ ಒತ್ತಾಗಿ ಕೆಳಗೆ ಕೂರುತ್ತದೆ, ರಕಾರ ಅದಕ್ಕೆ ಅಂಟಿಕೊಂಡು ಬಾಗುತ್ತದೆ, ದೀರ್ಘ ಪಕ್ಕಕ್ಕೆ ಬರುತ್ತದೆ. ಆರರ ಅಗಲವನ್ನೂ ಕೂಡಿಸಿದ ಮೊತ್ತಕ್ಕೂ ನಿಜವಾದ ಅಗಲಕ್ಕೂ ಸಂಬಂಧವೇ ಇರುವುದಿಲ್ಲ. ಇಡೀ ಪದವನ್ನು ಜೋಡಿಸಿಯೇ ಅಳೆಯಬೇಕು.

ಜೋಡಣೆ ಸರಿಯಾಗಿ ಆಗಿದೆಯೇ ಎಂದೂ ನೋಡಿಕೊಳ್ಳಿ. ಫಾಂಟ್ ಆರಿಸುವ ‘ಫಾಂಟ್‌ಸ್ಪೆಕ್’ ಪ್ಯಾಕೇಜ್‌ನಲ್ಲಿ ಲಿಪಿ ಕನ್ನಡ ಎಂದು ಹೇಳದಿದ್ದರೆ ಒತ್ತುಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲಬಹುದು, ಆಗ ಅಳತೆಯೂ ಸುಳ್ಳು. ಟೆಕ್‌ನ ಇನ್ನೊಂದು ರೂಪವಾದ ಲುವಾಟೆಕ್‌ನಲ್ಲಿ ಕೆಲಸ ಮಾಡುವವರು ರೆಂಡರರ್ ಎಂಬಲ್ಲಿ, ಒತ್ತುಗಳನ್ನು ಕೂಡಿಸಿಕೊಡುವ ಹಾರ್ಫ್‌ಬಜ್ ಕೊಡಿ.

ಪದಗಂಟು
ನಾನು ಬಳಸುವುದು ಟೆಕ್‌ನ ಮತ್ತೊಂದು ರೂಪವಾದ ಜೀಟೆಕ್. ಲಿಪಿ ಕೊಟ್ಟಿದ್ದೇನೆ. ಆದರೆ ಒತ್ತಕ್ಷರ ಇರುವ ಪದಕ್ಕೂ ಇಲ್ಲದ ಪದಕ್ಕೂ ಬೇರೆ ಬೇರೆ ಆಳ ಬರುತ್ತಿದೆ. ಪಟ್ಟಿಗಳು ಒಂದು ದಪ್ಪ, ಒಂದು ತೆಳು. ನೋಡಲು ಚೆನ್ನಾಗಿಲ್ಲ.

ತಲೆಕಟ್ಟು
ಅದು ಜೀಟೆಕ್‌ನ ಸಹಜ ನಡವಳಿಕೆ. ‘ಜೀಟೆಕ್‌ಯೂಸ್‌ಗ್ಲಿಫ್‌ಮೆಟ್ರಿಕ್ಸ್’ ಎಂಬ ಬೆಲೆ ತಾನಾಗಿಯೇ 1 ಇರುತ್ತದೆ, ಅಂದರೆ ಪ್ರತಿ ಅಕ್ಷರರೂಪದ ನಿಜವಾದ ಎತ್ತರ, ಆಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದನ್ನು 0 ಮಾಡಿದರೆ ಇಡೀ ಫಾಂಟ್‌ಗೆ ಒಂದೇ ಎತ್ತರ, ಒಂದೇ ಆಳ. ಪಟ್ಟಿಗಳೆಲ್ಲ ಸಮನಾಗುತ್ತವೆ.

ಅಚ್ಚುಮೊಳೆ
ಬೇಡ, ಅದನ್ನು ಮುಟ್ಟಬೇಡಿ. ಒಂದು ಪಟ್ಟಿಗಾಗಿ ಇಡೀ ಪುಸ್ತಕದ ಸಾಲುಗಳ ಲೆಕ್ಕವನ್ನು ಬದಲಿಸಿದಂತಾಗುತ್ತದೆ. ‘ವಿಫ್ಯಾಂಟಮ್’ ಬಳಸಿ. ಅದರೊಳಗೆ ‘ಸ್ತ್ರೀ’ ಕೊಟ್ಟರೆ ಅಕ್ಷರ ಕಾಣುವುದಿಲ್ಲ, ಅಗಲವಿರುವುದಿಲ್ಲ, ಎತ್ತರ ಮತ್ತು ಆಳ ಮಾತ್ರ ಉಳಿಯುತ್ತವೆ. ಅದನ್ನು ಪ್ರತಿ ಪದದ ಪೆಟ್ಟಿಗೆಯೊಳಗೂ ಸೇರಿಸಿ. ಎಲ್ಲ ಪೆಟ್ಟಿಗೆಗಳೂ ಕನಿಷ್ಠ ಅಷ್ಟು ಆಳವಾಗುತ್ತವೆ.

ಸಾಲುಕೊನೆ
‘ಸ್ಟ್ರಟ್’ ಸಾಕಲ್ಲವೇ? ಅದೂ ಇದೇ ಕೆಲಸಕ್ಕಿರುವುದು.

ತಲೆಕಟ್ಟು
ಲೇಟೆಕ್‌ನ ‘ಸ್ಟ್ರಟ್’ ಸಾಲಂತರದ 0.7 ಭಾಗ ಎತ್ತರ, 0.3 ಭಾಗ ಆಳ. 12 ಪಾಯಿಂಟ್ ಸಾಲಂತರಕ್ಕೆ 8.4 ಮತ್ತು 3.6. ರೋಮನ್ ಅಕ್ಷರಗಳಿಗೆ ಹೇಳಿ ಮಾಡಿಸಿದ ಪಾಲು ಅದು. ಎರಡು ಒತ್ತು ಒಂದರ ಕೆಳಗೊಂದು ಬರುವ ಕನ್ನಡ ಫಾಂಟ್‌ನಲ್ಲಿ 3.6 ಸಾಲದೆ ಹೋಗಬಹುದು. ಆದರೆ ‘ಸ್ತ್ರೀ’ ಒಂದನ್ನೇ ಮಾದರಿಯಾಗಿ ಹಿಡಿಯುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಪದಕೋಶದಲ್ಲಿ ‘ರಾಷ್ಟ್ರ’ ಇದೆ, ‘ಶಾಸ್ತ್ರ’ ಇದೆ, ‘ವೈಶಿಷ್ಟ್ಯ’ ಇದೆ. ಯಾವುದು ಹೆಚ್ಚು ಆಳಕ್ಕೆ ಇಳಿಯುತ್ತದೆ ಎಂಬುದು ಫಾಂಟ್ ರೂಪಿಸಿದವರ ಕೈಯಲ್ಲಿದೆ. ಅಗಲಕ್ಕೆ ಮಾಡಿದಂತೆಯೇ ಆಳಕ್ಕೂ ಎಲ್ಲ ಪದಗಳನ್ನು ಅಳೆದು ಗರಿಷ್ಠವನ್ನು ಹಿಡಿದಿಡಿ.

ಅಚ್ಚುಮೊಳೆ
ಇದಕ್ಕೆ ನನ್ನ ತಕರಾರಿಲ್ಲ. ಹೇಗೂ ಪೆಟ್ಟಿಗೆ ಕೈಯಲ್ಲಿದೆ, ಒಂದು ಹೋಲಿಕೆ ಹೆಚ್ಚು ಅಷ್ಟೇ.

ಹೊಸಹಾಳೆ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಟೈಪ್ಸ್ಟ್ ಎಂಬ ಹೊಸ ಜೋಡಣೆ ತಂತ್ರಾಂಶದಲ್ಲಿ ‘ಮೆಷರ್’ ಎಂಬ ಒಂದೇ ಕ್ರಿಯೆ ಇದೆ. ‘ಕಾಂಟೆಕ್ಸ್ಟ್’ ಒಳಗೆ ಕರೆದರೆ ಅಗಲ, ಎತ್ತರ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಪೆಟ್ಟಿಗೆ ತುಂಬುವುದು, ಖಾಲಿ ಮಾಡುವುದು ಯಾವುದೂ ಇಲ್ಲ. ಈ ಕಾಲದಲ್ಲಿ % ಚಿಹ್ನೆಗಾಗಿ ಎರಡು ರಾತ್ರಿ ಕಳೆಯಬೇಕೇ?

ತಲೆಕಟ್ಟು
ಹೊಸಹಾಳೆಯವರೇ, ಟೈಪ್ಸ್ಟ್ ನನಗೂ ಇಷ್ಟ. ಆದರೆ ಅಲ್ಲಿ ‘ಅ’ ಅಳೆಯಿರಿ, ‘ಸ್ತ್ರೀ’ ಅಳೆಯಿರಿ, ಎತ್ತರ ಒಂದೇ ಬರುತ್ತದೆ. ಪಠ್ಯದ ಮೇಲಂಚು ದೊಡ್ಡಕ್ಷರದ ಎತ್ತರ, ಕೆಳಂಚು ಆಧಾರರೇಖೆ ಎಂದು ಅದು ಮೊದಲೇ ಹಿಡಿದುಕೊಂಡಿರುತ್ತದೆ. ಒತ್ತಕ್ಷರ ಪೂರ್ತಿ ಲೆಕ್ಕದ ಹೊರಗೆ. ‘ಟಾಪ್-ಎಡ್ಜ್’, ‘ಬಾಟಮ್-ಎಡ್ಜ್’ ಎರಡಕ್ಕೂ ‘ಬೌಂಡ್ಸ್’ ಎಂದು ಕೊಟ್ಟರೆ ಮಾತ್ರ ನಿಜವಾದ ಎಲ್ಲೆ ಸಿಗುತ್ತದೆ.

ಹೊಸಹಾಳೆ
ಈಗಷ್ಟೇ ಮಾಡಿ ನೋಡಿದೆ. ನೀವು ಹೇಳಿದ್ದು ನಿಜ, ಎರಡೂ ಒಂದೇ ಬಂತು. ‘ಬೌಂಡ್ಸ್’ ಕೊಟ್ಟ ಮೇಲೆ ಬೇರೆಯಾಯಿತು. ನನ್ನ ಹಳೆಯ ಕಡತಗಳನ್ನೂ ಒಮ್ಮೆ ತೆರೆದು ನೋಡಬೇಕು.

ಸಾಲುಕೊನೆ
ಅಳೆಯುವ ಬಯಕೆ ಟೆಕ್‌ಗಿಂತಲೂ ಹಳೆಯದು. ಟ್ರೋಫ್ ಎಂಬ ಹಳೆಯ ಜೋಡಣೆ ತಂತ್ರಾಂಶದಲ್ಲಿ ‘ಡಬ್ಲ್ಯು’ ಎಂಬ ಒಂದಕ್ಷರದ ಸಂಕೇತ ಕೊಟ್ಟು ಪಕ್ಕದಲ್ಲಿ ಉದ್ಧರಣ ಚಿಹ್ನೆಯೊಳಗೆ ಪಠ್ಯ ಬರೆದರೆ ಅಗಲ ಬರುತ್ತದೆ. ಮೇಲಿನ, ಕೆಳಗಿನ ಮಿತಿಗಳು ‘ಎಸ್‌ಟಿ’, ‘ಎಸ್‌ಬಿ’ ಎಂಬ ರಿಜಿಸ್ಟರ್‌ಗಳಲ್ಲಿ ಕುಳಿತಿರುತ್ತವೆ. ಟೆಕ್‌ನ ನಂತರ ಬಂದ ಮುದ್ರಣ ಭಾಷೆ ಪೋಸ್ಟ್‌ಸ್ಕ್ರಿಪ್ಟ್‌ನಲ್ಲೂ ಅಗಲಕ್ಕೆ ‘ಸ್ಟ್ರಿಂಗ್‌ವಿಡ್ತ್’ ಇದೆ.

ಕಿರುಗೆರೆ
ಈ ಪಾಯಿಂಟ್ ಲೆಕ್ಕವೂ ನನಗೆ ಗೊಂದಲ. ಟೆಕ್ ಹೇಳಿದ 100 ಪಾಯಿಂಟ್‌ನ ಪಟ್ಟಿಯನ್ನು ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅಳೆದರೆ 99.6 ಎನ್ನುತ್ತದೆ.

ಅಚ್ಚುಮೊಳೆ
ಎರಡೂ ಸರಿ. ಟೆಕ್‌ನ ಪಾಯಿಂಟ್ ಅಚ್ಚುಮೊಳೆಗಳ ಕಾಲದ್ದು, ಒಂದು ಅಂಗುಲಕ್ಕೆ 72.27. ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಡಿಎಫ್‌ನದು ಅಂಗುಲಕ್ಕೆ ಸರಿಯಾಗಿ 72. ಟೆಕ್‌ನಲ್ಲಿ ಅದನ್ನು ‘ಬಿಪಿ’ ಎಂದು ಬರೆಯಬೇಕು.

ಒಳಗೆ ಟೆಕ್ ದಶಾಂಶಗಳಲ್ಲಿ ಲೆಕ್ಕ ಹಾಕುವುದೇ ಇಲ್ಲ. ಒಂದು ಪಾಯಿಂಟನ್ನು 65536 ಭಾಗ ಮಾಡಿ, ಆ ಚೂರುಗಳನ್ನು ಪೂರ್ಣಾಂಕಗಳಲ್ಲಿ ಎಣಿಸುತ್ತದೆ. ಒಂದು ಚೂರು ಸುಮಾರು 5.36 ನ್ಯಾನೊಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರವೇ ಇದರ ನೂರರಷ್ಟಿದೆ, ಆದ್ದರಿಂದ ಉರುಟಿಸುವಿಕೆಯ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಟೆಕ್ ರಚಿಸಿದ ಡೊನಾಲ್ಡ್ ಕ್ನೂತ್ ಅವರು ಹೀಗೆ ಮಾಡಿದ್ದರಿಂದಲೇ ಯಾವ ಯಂತ್ರದಲ್ಲಿ ಓಡಿಸಿದರೂ ಸಾಲುಗಳು ಅದೇ ಜಾಗದಲ್ಲಿ ಮುರಿಯುತ್ತವೆ. ನನಗೆ ಟೆಕ್ ಮೇಲೆ ಇರುವ ನಂಬಿಕೆಗೆ ಇದೂ ಒಂದು ಕಾರಣ. ಮೇಲ್ಮಿತಿ 16383.99998 ಪಾಯಿಂಟ್, ಹತ್ತಿರ ಹತ್ತಿರ 5.76 ಮೀಟರ್.

ಅಂಚುಗೆರೆ
ವಿಷಯಕ್ಕೆ ಬರೋಣ. ಗರಿಷ್ಠ ಅಗಲ ಗೊತ್ತಾಗುವುದು ಕೊನೆಯ ಪದ ಅಳೆದ ಮೇಲೆ. ಮೊದಲ ಪದವನ್ನು ಜೋಡಿಸುವಾಗಲೇ ಅದು ಬೇಕು. ಇದನ್ನು ಹೇಗೆ ಮಾಡುತ್ತೀರಿ?

ಪದಗಂಟು
ಅದನ್ನೇ ಕೇಳಬೇಕೆಂದಿದ್ದೆ. ಇನ್ನೊಂದು ವಿಚಿತ್ರವೂ ಇದೆ. ನನ್ನ ಗರಿಷ್ಠದ ಬೆಲೆ ಪ್ರತಿ ಪದದ ನಂತರವೂ ಮತ್ತೆ ಸೊನ್ನೆಯಾಗುತ್ತಿದೆ.

ಅಚ್ಚುಮೊಳೆ
ಸೊನ್ನೆಯಾಗುವುದಕ್ಕೆ ಕಾರಣ: ಪ್ರತಿ ಪದವೂ ಒಂದು ಎನ್ವಿರಾನ್‌ಮೆಂಟ್ (‘ಬಿಗಿನ್’, ‘ಎಂಡ್’ ನಡುವಿನ ಗುಂಪು) ಒಳಗಿದೆ. ‘ಸೆಟ್‌ಲೆಂಗ್ತ್’ ಕೊಟ್ಟ ಬೆಲೆ ಆ ಗುಂಪು ಮುಚ್ಚಿದ ಕೂಡಲೇ ಅಳಿಸಿಹೋಗುತ್ತದೆ. ಕೌಂಟರ್ ಹಾಗಲ್ಲ, ಲೆಂಗ್ತ್ ಹೀಗೆ. ಎರಡೂ ಒಂದೇ ರೀತಿ ಎಂದುಕೊಂಡು ಎಡವುವವರು ಬಹಳ. ನೇರ ಬೆಲೆ ಕೊಡುವ ಮುಂದೆ ‘ಗ್ಲೋಬಲ್’ ಹಾಕಿ, ಆಗ ಬೆಲೆ ಗುಂಪಿನಾಚೆಗೂ ಉಳಿಯುತ್ತದೆ.

ಮೊದಲೇ ಗೊತ್ತಾಗಬೇಕಾದರೆ ಎರಡು ಸುತ್ತು ಓಡಿಸಬೇಕು. ಕಡತದ ಕೊನೆಯಲ್ಲಿ ಗರಿಷ್ಠ ಅಗಲವನ್ನು ಆಕ್ಸ್ ಎಂಬ ಸಹಾಯಕ ಕಡತಕ್ಕೆ ಬರೆಯಿರಿ, ಮುಂದಿನ ಸುತ್ತಿನ ಆರಂಭದಲ್ಲಿ ಅದು ತಾನಾಗಿ ಓದಲ್ಪಡುತ್ತದೆ. ಪುಟಸಂಖ್ಯೆಯ ಉಲ್ಲೇಖಗಳು ನಡೆಯುವುದೂ ಇದೇ ದಾರಿಯಲ್ಲಿ. ಓದಿದ ಬೆಲೆಯನ್ನು ಬೇರೆ ಹೆಸರಿನಲ್ಲಿಡಿ, ಈ ಸುತ್ತಿನ ಗರಿಷ್ಠವನ್ನು ಸೊನ್ನೆಯಿಂದಲೇ ಶುರು ಮಾಡಿ. ಇಲ್ಲವಾದರೆ ಉದ್ದದ ಪದವೊಂದನ್ನು ತೆಗೆದುಹಾಕಿದ ಮೇಲೂ ಅಂಕಣ ಹಳೆಯ ಅಗಲದಲ್ಲೇ ನಿಂತುಬಿಡುತ್ತದೆ.

ಪದಗಂಟು
ಎಲ್ಲ ಬದಲಿಸಿ ಓಡಿಸಿದೆ. ‘ಎಂ’ ಈಗ 9.16669. ಸಂಖ್ಯೆಗಳು 1, 2, 3 ಎಂದು ಸರಿಯಾಗಿ ನಡೆಯುತ್ತಿವೆ. ಪಟ್ಟಿಗಳು ಸಮನಾಗಿವೆ, ‘ರಾಷ್ಟ್ರ’ದ ಒತ್ತು ಪೂರ್ತಿ ಬಣ್ಣದೊಳಗೆ ಬಂದಿದೆ. ಎಲ್ಲರಿಗೂ ಮನಸಾರೆ ಕೃತಜ್ಞತೆ. ಒಂದೇ ಕೊರತೆ: ಉದ್ದನೆಯ ಸಮಾಸಪದವೊಂದು ಅಂಕಣವನ್ನು ಅರ್ಧ ಪುಟದವರೆಗೆ ಎಳೆದುಬಿಟ್ಟಿದೆ.

ಅಂಚುಗೆರೆ
ಒಂದು ಮಿತಿ ಹಾಕಿ. ಪುಟದ ಅಗಲದ ಮೂರನೇ ಒಂದು ಭಾಗ ಎಂದಿಟ್ಟುಕೊಳ್ಳಿ. ‘ಇಫ್‌ಡಿಮ್’ನಿಂದ ಹೋಲಿಸಿ, ಪೆಟ್ಟಿಗೆ ಅದಕ್ಕಿಂತ ಅಗಲವಿದ್ದರೆ ಗರಿಷ್ಠಕ್ಕೆ ಸೇರಿಸಬೇಡಿ. ಆ ಪದವನ್ನು ಮಿತಿಯಷ್ಟೇ ಅಗಲದ ‘ಪಾರ್‌ಬಾಕ್ಸ್’ನಲ್ಲಿ ಎರಡು ಸಾಲಾಗಿ ಮುರಿಯಿರಿ.

ಅಚ್ಚುಮೊಳೆ
ಪಾರ್‌ಬಾಕ್ಸ್‌ಗೆ ‘ಟಿ’ ಎಂಬ ಆಯ್ಕೆ ಕೊಡಿ. ಕೊಡದಿದ್ದರೆ ಅದು ನಡುಮಧ್ಯಕ್ಕೆ ನಿಲ್ಲುತ್ತದೆ, ಅರ್ಥದ ಮೊದಲ ಸಾಲು ಪದದ ಎರಡು ಸಾಲುಗಳ ನಡುವೆ ಬಂದು ಕೂರುತ್ತದೆ. ಒಂದು ಎಚ್ಚರ: ಎಚ್‌ಬಾಕ್ಸ್‌ನಲ್ಲಿ ಒಮ್ಮೆ ಜೋಡಿಸಿದ ಪೆಟ್ಟಿಗೆ ಹಾಗೆಯೇ ಸಾಲು ಮುರಿಯುವುದಿಲ್ಲ. ‘ಅನ್‌ಎಚ್‌ಬಾಕ್ಸ್’ನಿಂದ ಬಿಚ್ಚಿ ಪಾರ್‌ಬಾಕ್ಸ್ ಒಳಗೆ ಸುರಿಯಿರಿ, ಸಂಖ್ಯೆ ಮತ್ತೆ ಏರುವುದಿಲ್ಲ.

ಪದಗಂಟು
ಬಿಚ್ಚಿ ಸುರಿದೆ. ಸಮಾಸಪದ ಎರಡು ಸಾಲಾಯಿತು, ಅರ್ಥದ ಮೊದಲ ಸಾಲು ಪದದ ಮೊದಲ ಸಾಲಿಗೆ ನೇರವಾಗಿ ಬಂತು. ಸಂಖ್ಯೆ 47, ಅದರ ಮುಂದಿನದು 48.